ಕೊಲೆಯ ಖಟ್ಲೆಯೂ ಜನರ ಮನಸ್ಸೂ

(ವಾಚನಾಲಯವೊಂದರಲ್ಲಿ ನೆರೆದ ಸಾರ್ವಜನಿಕ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಕೊಲೆಯ ವಾರ್ತೆ ಬಂದ ದಿನ ಊರ ಕಟ್ಟೆಯ ಮೇಲೆ ಬೇರೆ ಮಾತಿಗೆ ಎಡೆಯಿರುವುದಿಲ್ಲ. ಮಳೆ, ಬೆಳೆ, ಧಾರಣೆ ಎಲ್ಲವೂ ಹಿಂದೆ ಸರಿಯುತ್ತವೆ. ಕೊಂದವನಾರು, ಸತ್ತವನಾರು, ಕಾರಣವೇನು ಎಂಬ ಮೂರು ಪ್ರಶ್ನೆಗಳಿಗೂ ಸಂಜೆಯೊಳಗಾಗಿ ಉತ್ತರ ಸಿದ್ಧವಾಗಿರುತ್ತದೆ. ಪಂಚನಾಮೆಯ ಶಾಯಿ ಆರುವ ಮೊದಲೇ ಜನರ ತೀರ್ಪು ಹೊರಬಿದ್ದಿರುತ್ತದೆ. ವಕೀಲಿ ವೃತ್ತಿಯಲ್ಲಿರುವ ನನಗೆ ಈ ಎರಡನೆಯ ನ್ಯಾಯಾಲಯದ ಪರಿಚಯ ಮೊದಲನೆಯದರಷ್ಟೇ ಇದೆ. ಅದಕ್ಕೆ ಕಟ್ಟಡವಿಲ್ಲ, ಪಾಟೀಸವಾಲಿಲ್ಲ, ಅಪೀಲೂ ಇಲ್ಲ; ಆದರೂ ಅದರ ತೀರ್ಪಿನ ಬಲವು ಅಲ್ಪವಾದುದಲ್ಲ. ಆ ತೀರ್ಪು ಮನುಷ್ಯರ ಮನಸ್ಸಿನಲ್ಲಿ ಹೇಗೆ ಹುಟ್ಟುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಎರಡು ಖಟ್ಲೆಗಳ ಆಧಾರದಿಂದ ತಮ್ಮ ಮುಂದಿಡಬೇಕೆಂದಿದ್ದೇನೆ. ಒಂದು ಮುಂಬಯಿಯದು, ಇನ್ನೊಂದು ನಮ್ಮ ದಕ್ಷಿಣ ಕನ್ನಡದ್ದು. ಮೊದಲನೆಯದರಲ್ಲಿ ಸತ್ತವನೊಬ್ಬನೇ, ದೇಶವೆಲ್ಲ ಕಣ್ಣಿಟ್ಟು ನೋಡಿತು. ಎರಡನೆಯದರಲ್ಲಿ ಸತ್ತವರು ಹಲವರು. ವರುಷಗಳವರೆಗೆ ಯಾರೂ ತಿರುಗಿ ನೋಡಲಿಲ್ಲ.

ಮೊದಲನೆಯದು ನಾನಾವತಿಯ ಖಟ್ಲೆ. ಕಮಾಂಡರ್ ಕವಾಸ್ ಮಾಣೆಕ್‌ಶಾ ನಾನಾವತಿಯು ನೌಕಾದಳದ ಅಧಿಕಾರಿ. 'ಮೈಸೂರು' ಎಂಬ ಯುದ್ಧನೌಕೆಯಲ್ಲಿ ಎರಡನೆಯ ಸ್ಥಾನದಲ್ಲಿದ್ದವನು. 1959ನೆಯ ಇಸವಿ ಏಪ್ರಿಲ್ 27ರಂದು ಆತನ ಹೆಂಡತಿಯು, ತನಗೂ ಪ್ರೇಮ್ ಅಹುಜಾ ಎಂಬ ವ್ಯಾಪಾರಸ್ಥನಿಗೂ ಸಂಬಂಧವಿರುವುದಾಗಿ ಗಂಡನಿಗೆ ತಿಳಿಸಿದಳು. ಮಧ್ಯಾಹ್ನ ಆತನು ಹೆಂಡತಿಯನ್ನೂ ಮಕ್ಕಳನ್ನೂ ಸಿನೇಮಾ ಮಂದಿರಕ್ಕೆ ಬಿಟ್ಟನು. ಅಲ್ಲಿಂದ ಹಡಗಿಗೆ ಹೋಗಿ, ಸುಳ್ಳು ನೆಪ ಹೇಳಿ ಒಂದು ರಿವಾಲ್ವರನ್ನೂ ಆರು ಗುಂಡುಗಳನ್ನೂ ಪಡೆದನು. ಅಹುಜಾನ ಕಚೇರಿಗೆ ಹೋದನು. ಅಲ್ಲಿ ಅವನಿಲ್ಲದಿರಲು ಅವನ ಮನೆಗೆ ಹೋದನು. ಅಹುಜಾ ಆಗ ತಾನೇ ಸ್ನಾನ ಮುಗಿಸಿ ಟವೆಲು ಉಟ್ಟುಕೊಂಡಿದ್ದನು. ಮೂರು ಗುಂಡುಗಳು ಹಾರಿದವು, ಅಹುಜಾ ಸತ್ತನು. ನಾನಾವತಿಯು ತಾನಾಗಿಯೇ ಹೋಗಿ ಪೋಲೀಸರಿಗೆ ಶರಣಾದನು.

ಸಂಗತಿ ಇಷ್ಟು. ಇನ್ನು ಜನರು ಅದನ್ನು ಏನು ಮಾಡಿದರೆಂಬುದನ್ನು ನೋಡೋಣ. ಮುಂಬಯಿಯ 'ಬ್ಲಿಟ್ಸ್' ವಾರಪತ್ರಿಕೆಯು ಸಂಪಾದಕ ಕರಂಜಿಯಾ ಅವರ ನೇತೃತ್ವದಲ್ಲಿ ಆರೋಪಿಯ ಪಕ್ಷವನ್ನು ಬಹಿರಂಗವಾಗಿ ವಹಿಸಿತು. ಕಾಲು ರೂಪಾಯಿಯ ಸಂಚಿಕೆಯು ಎರಡು ರೂಪಾಯಿಗೆ ಮಾರಿತೆಂದು ಪ್ರಸಿದ್ಧಿ. ಬೀದಿಯಲ್ಲಿ ನಾನಾವತಿ ರಿವಾಲ್ವರೆಂಬ ಆಟಿಗೆಯೂ ಅಹುಜಾ ಟವೆಲೆಂಬ ಬಟ್ಟೆಯೂ ಮಾರಾಟಕ್ಕೆ ಬಂದವೆಂದು ಹೇಳುತ್ತಾರೆ. ಪಾರಸಿಗಳು ಹೆಚ್ಚಾಗಿ ನಾನಾವತಿಯ ಕಡೆಗೆ, ಸಿಂಧಿಗಳು ಅಹುಜಾನ ಕಡೆಗೆ ನಿಂತರು. ಒಬ್ಬನು ಶುಭ್ರ ಸಮವಸ್ತ್ರದ ವೀರನಾದನು, ಇನ್ನೊಬ್ಬನು ಪರರ ಮನೆ ಮುರಿದ ವಿಲಾಸಿಯಾದನು. ಇಂಥ ಕಥೆಯಲ್ಲಿ ಸತ್ತವನಿಗೆ ಒಂದೇ ಪಾತ್ರ ಉಳಿದಿತ್ತು: ಸಾಯತಕ್ಕವನ ಪಾತ್ರ. ತನ್ನ ಪರವಾಗಿ ಸಾಕ್ಷಿ ನುಡಿಯಲು ಅವನಿಗೆ ನಾಲಗೆಯಿರಲಿಲ್ಲ. ಅವನಿಗಾಗಿ ಕೊರಗಿದ ಸೋದರಿಯ ದುಃಖಕ್ಕೆ ಆ ಗದ್ದಲದಲ್ಲಿ ಬೆಲೆಯೂ ಇರಲಿಲ್ಲ.

ಸೆಶನ್ಸ್ ಕೋರ್ಟಿನಲ್ಲಿ ಒಂಬತ್ತು ಜನ ಜ್ಯೂರಿಯವರ ಪೈಕಿ ಎಂಟು ಜನರು ಆರೋಪಿ ನಿರ್ದೋಷಿಯೆಂದರು. ಈ ಅಭಿಪ್ರಾಯವು ಸಾಕ್ಷ್ಯಕ್ಕೆ ತೀರ ವಿರುದ್ಧವಾಗಿದೆಯೆಂದು ಬಗೆದು ನ್ಯಾಯಾಧೀಶ ಮೆಹತಾ ಅವರು ಖಟ್ಲೆಯನ್ನು ಮುಂಬಯಿ ಹೈಕೋರ್ಟಿಗೆ ಕಳಿಸಿದರು. ಜ್ಯೂರಿಯ ಮನಸ್ಸನ್ನು ಪತ್ರಿಕೆಗಳೇ ತಿರುಗಿಸಿದವೆಂದು ಯಾರೂ ಸಿದ್ಧಮಾಡಲಾರರು. ಜ್ಯೂರಿಗೆ ಕಾನೂನನ್ನು ವಿವರಿಸಿದ ರೀತಿಯಲ್ಲಿಯೂ ದೋಷಗಳಿದ್ದುವೆಂದು ಹೈಕೋರ್ಟು ಕಂಡುಕೊಂಡಿತು. 1960ರಲ್ಲಿ ಹೈಕೋರ್ಟು ಆತನಿಗೆ ಆಜೀವ ಶಿಕ್ಷೆಯನ್ನು ವಿಧಿಸಿತು. 1961ರ ನವೆಂಬರ 24ರಂದು ಸುಪ್ರೀಮ್ ಕೋರ್ಟು ಅದನ್ನು ಎತ್ತಿಹಿಡಿಯಿತು.

ಅಲ್ಲಿ ನಡೆದ ವಾದದ ಒಂದು ಅಂಶವನ್ನು ತಾವು ಗಮನಿಸಬೇಕು. ಘೋರವೂ ಆಕಸ್ಮಿಕವೂ ಆದ ಕೆರಳಿಕೆಯಿಂದ ಮನಸ್ಸಿನ ಹಿಡಿತ ತಪ್ಪಿ ಕೊಂದವನ ಅಪರಾಧವನ್ನು ಕಾನೂನು ಕಡಿಮೆಯದೆಂದು ಎಣಿಸುತ್ತದೆ. ಆಗ ಅದು ದಂಡಸಂಹಿತೆಯ 300ನೆಯ ಕಲಮಿನಲ್ಲಿತ್ತು. 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಇದೆ. ಮನುಷ್ಯನು ಕಲ್ಲಲ್ಲವೆಂಬುದನ್ನು ಕಾನೂನು ಬಲ್ಲದು. ಆದರೆ ನಾನಾವತಿಯು ಮನೆ ಬಿಟ್ಟದ್ದು ಸುಮಾರು ಒಂದೂವರೆ ಗಂಟೆಗೆ, ಗುಂಡು ಹಾರಿದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ. ನಡುವೆ ಹೆಂಡತಿ ಮಕ್ಕಳ ವ್ಯವಸ್ಥೆ ಮಾಡಿದ್ದನು, ಆಯುಧಕ್ಕೆ ತಕ್ಕ ನೆಪ ಹುಡುಕಿದ್ದನು. ಹಿಡಿತ ತಪ್ಪಿದ ಮನಸ್ಸು ಇಷ್ಟು ಕ್ರಮವಾಗಿ ನಡೆಯುವುದೇ ಎಂದು ನ್ಯಾಯಾಲಯ ಕೇಳಿತು. ಕೈಕೈ ಮಿಲಾಯಿಸಿದಾಗ ಅಕಸ್ಮಾತ್ತಾಗಿ ಗುಂಡು ಹಾರಿತೆಂಬುದು ಆರೋಪಿಯ ಹೇಳಿಕೆ. ಹಾಗಾದರೆ ಸತ್ತವನ ಸೊಂಟದ ಟವೆಲು ಜಾರದೆ ಹೇಗೆ ಉಳಿಯಿತೆಂಬುದು ಸರಕಾರಿ ಪಕ್ಷದ ಪ್ರಶ್ನೆ. ಬೀದಿಯಲ್ಲಿ ನಗೆಯ ವಸ್ತುವಾಗಿದ್ದ ಟವೆಲು ಕೋರ್ಟಿನಲ್ಲಿ ಸಾಕ್ಷ್ಯವಾಯಿತು. ಎರಡು ನ್ಯಾಯಾಲಯಗಳ ಅಂತರವು ಇಷ್ಟರಲ್ಲಿಯೇ ಇದೆ.

ಮುಂದೆ 1964ರಲ್ಲಿ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತರು ಆತನಿಗೆ ಕ್ಷಮಾದಾನ ಮಾಡಿದರು. ಈ ಖಟ್ಲೆಯಿಂದಲೇ ಜ್ಯೂರಿ ಪದ್ಧತಿ ಮುಗಿಯಿತೆಂಬ ಮಾತು ಪೂರ್ಣ ನಿಜವಲ್ಲ. ಅದು ಕೆಲವೆಡೆ ಮುಂದೆಯೂ ನಡೆದಿತ್ತು. 1973ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ ಮಾತ್ರ ಅದಕ್ಕೆ ಸ್ಥಾನ ಉಳಿಯಲಿಲ್ಲ.

ಹೀಗಿರಲು, ಎಂಟು ಜನರಿಗೂ ಸಾವಿರಾರು ಓದುಗರಿಗೂ ಆ ಮೂರು ಗಂಟೆಗಳು ಏಕೆ ಕಾಣಿಸಲಿಲ್ಲ? ಜನರೆಲ್ಲ ಕ್ರೂರಿಗಳೆಂದಾಗಲಿ ಮೂಢರೆಂದಾಗಲಿ ಹೇಳುವುದು ಸಲ್ಲದು. ನನ್ನ ಎಣಿಕೆಯಲ್ಲಿ ಇದಕ್ಕೆ ಮೂರು ಬೇರುಗಳಿವೆ.

ಮೊದಲನೆಯದು ಭಯ. ಕೊಲೆಯಾದ ಸುದ್ದಿ ಕೇಳಿದೊಡನೆ ನಮ್ಮೊಳಗೊಂದು ದನಿ, ಇದು ನನಗೂ ಆಗಬಹುದೇ ಎಂದು ಕೇಳುತ್ತದೆ. ಸತ್ತವನು ಯಾವುದಾದರೊಂದು ತಪ್ಪು ಮಾಡಿದ್ದನೆಂದು ತಿಳಿದರೆ ನಮಗೆ ಸಮಾಧಾನ. ಆ ತಪ್ಪು ನಾವು ಮಾಡಿಲ್ಲವಾದುದರಿಂದ ನಾವು ಸುರಕ್ಷಿತರು! ಮೆಲ್ವಿನ್ ಲರ್ನರ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ನಿರಪರಾಧಿಯೊಬ್ಬಳು ನೋವುಣ್ಣುವುದನ್ನು ಕಂಡು ಅದನ್ನು ತಪ್ಪಿಸಲಾರದೆ ಹೋದ ಪ್ರೇಕ್ಷಕರು, ಆಕೆಯ ಯೋಗ್ಯತೆಯೇ ಕಡಿಮೆಯೆಂದು ಎಣಿಸತೊಡಗಿದರು. ಲೋಕದಲ್ಲಿ ಎಲ್ಲರಿಗೂ ತಕ್ಕುದೇ ಸಿಗುತ್ತದೆಂಬ ನಂಬಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಮನಸ್ಸು ನೊಂದವರ ಮೇಲೆಯೇ ತಪ್ಪು ಹೊರಿಸುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ!

ಎರಡನೆಯದು ನಮ್ಮದೇ ಅಡಗಿದ ಕ್ರೋಧ. ಅವಮಾನಗೊಂಡ ಮನುಷ್ಯನು ಎಷ್ಟೋ ಸಲ ಮನಸ್ಸಿನಲ್ಲಿಯೇ ಎದುರಾಳಿಯನ್ನು ಮುಗಿಸಿರುತ್ತಾನೆ. ಕೈ ಮಾತ್ರ ಏಳುವುದಿಲ್ಲ. ತನ್ನಂಥದೇ ಅವಮಾನಕ್ಕಾಗಿ ಇನ್ನೊಬ್ಬನು ಕೈಯೆತ್ತಿದಾಗ ಅವನು ತನ್ನ ಪ್ರತಿನಿಧಿಯಂತೆ ತೋರುತ್ತಾನೆ. ಅವನನ್ನು ಬಿಡಿಸಬೇಕೆಂಬ ಹಂಬಲದಲ್ಲಿ ತನ್ನನ್ನೇ ಬಿಡಿಸಿಕೊಳ್ಳುವ ಹಂಬಲವೂ ಬೆರೆತಿರುತ್ತದೆ.

ಮೂರನೆಯದು ಹೊಣೆಯಿಲ್ಲದೆ ತೀರ್ಪು ಕೊಡುವ ಸುಖ. ಮನುಷ್ಯನ ಪ್ರಾಣ ತನ್ನ ಒಂದು ಸಹಿಯ ಮೇಲೆ ನಿಂತಿದೆಯೆಂದು ಬಲ್ಲ ನ್ಯಾಯಾಧೀಶನಿಗೆ ನಿದ್ರೆ ಸುಲಭವಲ್ಲ. ಕಟ್ಟೆಯ ಮೇಲಿನ ನ್ಯಾಯಾಧೀಶನು ಊಟ ಮುಗಿಸಿ ಮಲಗುತ್ತಾನೆ. ಮರುದಿನ ಸುದ್ದಿ ಬದಲಾದರೆ ಅಷ್ಟೇ ದೃಢವಾಗಿ ಬೇರೊಂದು ತೀರ್ಪು ಕೊಡುತ್ತಾನೆ.

ಈ ಮೂರಕ್ಕೂ ಬೇಕಾದದ್ದು ಒಂದು ಕಥೆ. ನಾನಾವತಿಯ ಖಟ್ಲೆಯಲ್ಲಿ ಕಥೆ ತಾನಾಗಿ ಒದಗಿತ್ತು. ಕಥೆಯೇ ಇಲ್ಲದ ಸಾವಿಗೆ ಏನಾಗುತ್ತದೆ? ಅದಕ್ಕಾಗಿಯೇ ಎರಡನೆಯ ಖಟ್ಲೆಯನ್ನು ಎತ್ತಿಕೊಂಡಿದ್ದೇನೆ.

2003ರಿಂದ 2009ರವರೆಗೆ ನಮ್ಮ ನಾಡಿನ ಹಲವು ಊರುಗಳ ಬಸ್‌ನಿಲ್ದಾಣಗಳ ಶೌಚಗೃಹಗಳಲ್ಲಿ ತರುಣ ಸ್ತ್ರೀಯರ ಶವಗಳು ದೊರೆಯುತ್ತ ಬಂದವು. ಮೈಮೇಲೆ ಗಾಯವಿಲ್ಲ, ಗುರುತು ಹಿಡಿಯುವವರಿಲ್ಲ. ಅಸಹಜ ಸಾವೆಂದು ದಾಖಲೆಯಾಯಿತು, ಕಡತ ಮುಚ್ಚಿತು. ಒಂದೂರಿನ ಠಾಣೆಗೆ ಇನ್ನೊಂದೂರಿನ ಶವದ ಅರಿವಿರಲಿಲ್ಲ. ಅತ್ತ ಹಳ್ಳಿಯ ಬಡ ಮನೆಗಳಲ್ಲಿ, ಮಗಳು ಯಾರೊಡನೆಯೋ ಹೊರಟುಹೋದಳೆಂದು ತಂದೆತಾಯಿಗಳು ತಲೆ ತಗ್ಗಿಸಿ ಕುಳಿತಿದ್ದರು. ಎಷ್ಟೋ ಮನೆಯವರು ಲೋಕಾಪವಾದಕ್ಕೆ ಅಂಜಿ ಠಾಣೆಯ ಮೆಟ್ಟಿಲನ್ನೂ ಹತ್ತಲಿಲ್ಲ.

2009ರಲ್ಲಿ ಬಂಟ್ವಾಳ ತಾಲೂಕಿನಲ್ಲಿ ಇನ್ನೊಬ್ಬ ಯುವತಿ ಕಾಣೆಯಾದಳು. ಅನ್ಯಮತದ ತರುಣನೊಡನೆ ಓಡಿಹೋದಳೆಂಬ ಗಾಳಿಸುದ್ದಿ ಹಬ್ಬಿತು. ಜನರು ಠಾಣೆಯ ಮುಂದೆ ನೆರೆದು ಪ್ರತಿಭಟಿಸಿದರು. ಒತ್ತಾಯಕ್ಕೆ ಸಿಕ್ಕ ಪೋಲೀಸರು ಟೆಲಿಫೋನಿನ ಲೆಕ್ಕಗಳನ್ನು ಜಾಲಾಡುತ್ತ ಹೋಗಿ ಮೋಹನಕುಮಾರನೆಂಬ ಮಾಜಿ ಶಾಲಾ ಶಿಕ್ಷಕನಲ್ಲಿಗೆ ಬಂದರು. ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂದು ಬಡ ಯುವತಿಯರನ್ನು ನಂಬಿಸಿ ದೂರದ ಊರಿಗೆ ಕರೆದೊಯ್ದು, ಒಡವೆಗಳನ್ನು ಕೋಣೆಯಲ್ಲಿಡಿಸಿ, ಗರ್ಭ ನಿಲ್ಲದಿರಲು ಮಾತ್ರೆಯೆಂದು ಸಯನೈಡನ್ನು ಕೊಡುತ್ತಿದ್ದನೆಂದು ಆರೋಪ. ಇಪ್ಪತ್ತು ಸ್ತ್ರೀಯರ ಕೊಲೆಯ ಪ್ರಕರಣಗಳು ಒಂದೊಂದಾಗಿ ವಿಚಾರಣೆಗೆ ಬಂದವು. ಮಂಗಳೂರಿನ ನ್ಯಾಯಾಲಯದಲ್ಲಿ 2013ರಲ್ಲಿ ಮೊದಲ ಶಿಕ್ಷೆ, 2020ರಲ್ಲಿ ಇಪ್ಪತ್ತನೆಯ ಪ್ರಕರಣದ ತೀರ್ಪು.

ಮಹಾಶಯರೇ, ಇಲ್ಲಿಯ ವಿಪರ್ಯಾಸವನ್ನು ನೋಡಿರಿ. ಜನರ ಸಂಶಯ ಸುಳ್ಳಾಗಿತ್ತು. ಒಂದು ಇಡಿಯ ಸಮಾಜದ ಮೇಲೆ ಹೊರಿಸಿದ ಆ ಸುಳ್ಳಿನಿಂದ ಊರಿಗೆ ಬೆಂಕಿ ಬೀಳಬಹುದಿತ್ತು. ಆದರೂ ಠಾಣೆಯು ಎಚ್ಚತ್ತದ್ದು ಆ ಕೂಗಿನಿಂದಲೇ. ಕೂಗುವುದಕ್ಕೆ ಒಂದು ಕಥೆ ಸಿಗುವವರೆಗೂ ಸತ್ತವರ ಲೆಕ್ಕವನ್ನು ಯಾರೂ ಇಡಲಿಲ್ಲ. ಕೊಲೆಗಾರನು ನೆಚ್ಚಿದ್ದು ಕೇವಲ ವಿಷವನ್ನಲ್ಲ. ಮನೆ ಬಿಟ್ಟು ಹೋದ ಹೆಣ್ಣನ್ನು ನಾವು ಹುಡುಕುವುದಿಲ್ಲವೆಂಬುದನ್ನೂ ಅವನು ನೆಚ್ಚಿದ್ದನು. ವರದಕ್ಷಿಣೆಯ ಭಾರವೂ ಮಾನದ ಅಂಜಿಕೆಯೂ ಅವನ ಕೈಗೆ ಸಿಕ್ಕ ಉಪಕರಣಗಳಾದವು. ಅವೆರಡನ್ನೂ ಸಿದ್ಧಮಾಡಿಕೊಟ್ಟವರು ನಾವು.

ಆದುದರಿಂದ ಜನರ ಕುತೂಹಲವನ್ನು ನಾನು ಖಂಡಿಸುವುದಿಲ್ಲ. ಅದು ಎಚ್ಚರಗೊಳಿಸಬಲ್ಲದು, ತೂಗಲಾರದು. ಎಚ್ಚರಿಸುವ ಕೆಲಸ ಜನರದು, ತೂಗುವ ಕೆಲಸ ನ್ಯಾಯಾಲಯದ್ದು. ಮುಂದೆ ಇಂಥ ವಾರ್ತೆ ಬಂದಾಗ ತಾವು ಮೂರು ಮಾತುಗಳನ್ನು ತಮ್ಮಷ್ಟಕ್ಕೆ ತಾವೇ ಕೇಳಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ನಾನು ಹೇಳುತ್ತಿರುವುದು ಸಾಕ್ಷ್ಯದಲ್ಲಿದೆಯೋ, ಅಥವಾ ಕಥೆ ಚೆನ್ನಾಗಿ ಕೂಡಲೆಂದು ಸೇರಿಸಿದ್ದೋ? ಸತ್ತವರು ಈಗ ಎದ್ದು ಬಂದರೆ ಈ ಮಾತನ್ನು ಅವರ ಮುಂದೆ ಆಡಬಲ್ಲೆನೋ? ಇದೇ ವಾರದಲ್ಲಿ, ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಿನಲ್ಲಿ ಅಚ್ಚಾದ ಅನಾಮಧೇಯ ಶವದ ಸುದ್ದಿಯನ್ನು ನಾನು ಓದಿದೆನೋ?

ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಪ್ರಸಿದ್ಧನ ಕೊಲೆಗೆ ನ್ಯಾಯ ಕೇಳುವವರು ಬಹಳ ಮಂದಿ. ಹೆಸರಿಲ್ಲದ ಆ ಎರಡು ಸಾಲಿಗಾಗಿ ಠಾಣೆಗೆ ಹೋಗಿ ವಿಚಾರಿಸುವ ನಾಲ್ಕು ಜನರು ಪ್ರತಿಯೊಂದು ಊರಿನಲ್ಲಿ ಇದ್ದಿದ್ದರೆ, ಬಸ್‌ನಿಲ್ದಾಣದ ಶವಗಳು ಇಪ್ಪತ್ತಕ್ಕೆ ಏರುತ್ತಿರಲಿಲ್ಲ.