ಅರಿವಳಿಕೆಯ ಚುಚ್ಚುಮದ್ದು: ದಂಪತಿಗಳು ತಿಳಿದಿರಬೇಕಾದುದು



ಸಂತಾನ ಸಾಕೆಂದು ಇಬ್ಬರೂ ಕೂಡಿ ನಿರ್ಧರಿಸಿದ ದಂಪತಿಗಳಲ್ಲಿಯೂ ಕೆಲವರು ಆಸ್ಪತ್ರೆಯ ಬಾಗಿಲಿನವರೆಗೆ ಬಂದು ಹಿಂದಿರುಗುವುದುಂಟು. “ಸೂಜಿ ಹಾಕಿದ ಮೇಲೆ ಎಚ್ಚರವೇ ಆಗದಿದ್ದರೆ ಮಕ್ಕಳ ಗತಿಯೇನು?” ಎಂಬ ಅಂಜಿಕೆ ಅವರನ್ನು ತಡೆಯುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಗ್ರಾಮವಾಸಿಗಳಾದ ನಿಮಗೆ ಇಂದು ಈ ಸೂಜಿಯ ವಿಷಯವನ್ನಷ್ಟೇ ತಿಳಿಸಬಯಸುತ್ತೇನೆ.

ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಬಹುಮಟ್ಟಿಗೆ ಬಳಸುವ ಔಷಧದ ಹೆಸರು ಲಿಗ್ನೊಕೇನ್. 1943ರಲ್ಲಿ ಸ್ವೀಡನ್ ದೇಶದಲ್ಲಿ ಇದನ್ನು ಮೊದಲು ತಯಾರಿಸಿದರು. ಹಲ್ಲು ಕೀಳುವಾಗ ವಸಡಿಗೆ ಹಾಕುವುದೂ ಸಾಮಾನ್ಯವಾಗಿ ಇದನ್ನೇ. ಇದು ನಿದ್ರೆ ಬರಿಸುವ ಮದ್ದಲ್ಲ. ಚುಚ್ಚಿದ ಭಾಗದ ನರಗಳು ನೋವಿನ ಸುದ್ದಿಯನ್ನು ಮೆದುಳಿಗೆ ಒಯ್ಯದಂತೆ ತಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಆ ಭಾಗ ಮರಗಟ್ಟಿ, ಒಂದೆರಡು ಗಂಟೆಗಳಲ್ಲಿ ಮೊದಲಿನಂತಾಗುತ್ತದೆ. ಮುಟ್ಟಿದ್ದು, ಎಳೆದದ್ದು ತಿಳಿದೀತು. ಕೊಯ್ದ ನೋವು ತಿಳಿಯದು. ಮಹಿಳೆಯರಿಗೆ ಇದರೊಡನೆ ಮಂಪರಿನ ಔಷಧವನ್ನೂ ಕೊಡುವುದುಂಟು.

ಪುರುಷರಿಗೆ ಮಾಡುವ ಹೊಲಿಗೆಯಿಲ್ಲದ ಚಿಕಿತ್ಸೆಗೆ ಕೆಲವೇ ಮಿಲಿಲೀಟರ್ ಮದ್ದು ಸಾಕು. ಹೊಟ್ಟೆಯನ್ನು ತೆರೆಯುವ ಪ್ರಮೇಯವೇ ಇಲ್ಲ. ಹತ್ತಿಯ ಅಂಡಿಗೆಗೆ ಹೆಗಲು ಕೊಡುವ ಗಂಡಸರು ಇಷ್ಟು ಚಿಕ್ಕ ಸೂಜಿಗೆ ಹೆದರಿ ಹೆಂಡತಿಯನ್ನೇ ಮುಂದೆ ಮಾಡುವುದು ನನಗಂತೂ ನ್ಯಾಯವೆನಿಸುವುದಿಲ್ಲ.

ಈ ಮದ್ದಿನ ಅಪಾಯವೆಲ್ಲ ಬಹುಮಟ್ಟಿಗೆ ಅಳತೆಯಲ್ಲಿದೆ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 3 ಮಿಲಿಗ್ರಾಂ ಮೀರದಿರುವುದು ಕ್ಷೇಮಕರ. 40 ಕಿಲೋ ತೂಕದ ತಾಯಿಗೆ ಇದು 120 ಮಿಲಿಗ್ರಾಂ ಆಗುತ್ತದೆ. ಶೇಕಡಾ 1ರ ಮದ್ದಾದರೆ 12 ಮಿಲಿಲೀಟರ್, ಶೇಕಡಾ 2ರದ್ದಾದರೆ 6 ಮಿಲಿಲೀಟರ್ ಮಾತ್ರ. ನೋಡಲು ಎರಡೂ ತಿಳಿನೀರಿನಂತೆಯೇ ಇರುತ್ತವೆ. ಆದುದರಿಂದ ಸೀಸೆಯ ಮೇಲಿನ ಹೆಸರು, ಪ್ರಮಾಣ, ಅವಧಿಗಳನ್ನು ಓದಿಯೇ ಮದ್ದನ್ನು ತುಂಬಬೇಕು. ಸೂಜಿ ರಕ್ತನಾಳವನ್ನು ಹೊಕ್ಕಿಲ್ಲವೆಂದು ತಿಳಿಯಲು ಸಿರಿಂಜನ್ನು ಸ್ವಲ್ಪ ಹಿಂದಕ್ಕೆಳೆದು ನೋಡಬೇಕು. ಇವು ವೈದ್ಯರ ಕೆಲಸಗಳು. ಆದರೆ ನಿಮ್ಮ ತೂಕವನ್ನು ನೋಡದಿದ್ದರೆ “ಡಾಕ್ಟರೇ, ತೂಕ ನೋಡಲಿಲ್ಲವಲ್ಲ” ಎಂದು ಕೇಳಲು ಸಂಕೋಚಪಡಬೇಡಿರಿ.

ಮದ್ದು ರಕ್ತದಲ್ಲಿ ಹೆಚ್ಚಾದರೆ ಅದು ಮೊದಲು ತಿಳಿಯುವುದು ನಿಮಗೇ. ನಾಲಿಗೆ, ತುಟಿಗಳು ಜೋಮು ಹಿಡಿಯುವುದು, ಬಾಯಿಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ, ತಲೆಸುತ್ತು: ಇವುಗಳಲ್ಲಿ ಯಾವುದಾದರೂ ಕಂಡರೆ ಒಡನೆ ಹೇಳಿರಿ. ಸಹಿಸಿಕೊಂಡು ಸುಮ್ಮನಿದ್ದರೆ ಸೆಳೆತ ಬರಬಹುದು. ಉಸಿರಿಗೂ ಹೃದಯಕ್ಕೂ ತೊಂದರೆಯಾದೀತು. ಆಮ್ಲಜನಕ, ತುರ್ತು ಔಷಧಗಳು ಸಿದ್ಧವಿರುವಲ್ಲಿಯೇ ಈ ಚಿಕಿತ್ಸೆ ನಡೆಯಬೇಕೆನ್ನುವುದು ಇದಕ್ಕಾಗಿ.

ಹಿಂದೆ ಹಲ್ಲಿನ ಡಾಕ್ಟರ ಬಳಿ ಅಥವಾ ಬೇರೆಲ್ಲಿಯಾದರೂ ಚುಚ್ಚುಮದ್ದು ಒಗ್ಗದೆ ಹೋಗಿದ್ದರೆ, ಹೃದ್ರೋಗ, ಮೂರ್ಛೆರೋಗ, ದಮ್ಮು, ಕಾಮಾಲೆ ಇದ್ದರೆ, ದಿನವೂ ಗುಳಿಗೆ ನುಂಗುತ್ತಿದ್ದರೆ ಮುಂಚಿತವಾಗಿಯೇ ತಿಳಿಸಿರಿ. ಮುಟ್ಟು ತಪ್ಪಿದ್ದರೆ ಅದನ್ನೂ ಹೇಳಬೇಕು. ಅತ್ತೆಯವರ ಎದುರು ಹೇಳಲಾಗದಿದ್ದರೆ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಹೇಳಿದರೂ ಸಾಕು.

ತಾಯಂದಿರು ಮುಚ್ಚಿಡುವ ಇನ್ನೊಂದು ಸಂಗತಿ ಊಟ. ಶಸ್ತ್ರಚಿಕಿತ್ಸೆಗೆ ಮೊದಲಿನ 6 ಗಂಟೆ ಏನನ್ನೂ ತಿನ್ನಬಾರದು. ಹಾಲು ಹಾಕಿದ ಚಹಾ ಸಹ ಊಟಕ್ಕೆ ಸಮ. ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೆ ಕುತ್ತಾಗಬಹುದು. ಯಲ್ಲಮ್ಮನ ಪಡ್ಡಲಗಿ ತುಂಬಿಸಿದ ಮನೆಯಲ್ಲಿ ಹೋಳಿಗೆ ಬೇಡವೆನ್ನುವುದು ಕಷ್ಟವೇ ಸರಿ. ತಿಂದಿದ್ದರೆ ತಿಂದೆನೆಂದೇ ಹೇಳಿರಿ. ಶಸ್ತ್ರಚಿಕಿತ್ಸೆ ಒಂದು ದಿನ ಮುಂದಕ್ಕೆ ಹೋದೀತು, ಅಷ್ಟೇ.

ಅವಸರದ ಶಿಬಿರಗಳ ಕೇಡನ್ನು ದೇಶ ಕಂಡಿದೆ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿ ಒಂದೇ ದಿನ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆದು, ಅವರಲ್ಲಿ ಹಲವರು ಮೃತಪಟ್ಟರು. ಅಲ್ಲಿ ಕೆಟ್ಟದ್ದು ಈ ಸೂಜಿಯೊಂದರಿಂದಲ್ಲ. ಆದರೆ ಒಬ್ಬೊಬ್ಬರ ತೂಕ, ನಾಡಿ, ರಕ್ತದೊತ್ತಡ ನೋಡಲು ವೇಳೆಯಿಲ್ಲದ ಕಡೆ ಅರಿವಳಿಕೆಯೂ ಸುರಕ್ಷಿತವಲ್ಲ. ಇಂತಹ ಶಿಬಿರಗಳನ್ನು 3 ವರ್ಷಗಳೊಳಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಆದೇಶಿಸಿತು.

ಮಂಪರಿನ ಔಷಧ ಪಡೆದವರು ಒಬ್ಬರೇ ಊರಿಗೆ ಹೊರಡಬಾರದು. ಮರುದಿನದವರೆಗೆ ಮೋಟಾರು ಸೈಕಲ್ ನಡೆಸಬಾರದು, ಒಲೆಯ ಮುಂದೆಯೂ ಕೂಡಬಾರದು. ಜ್ವರ, ಉಸಿರಾಟದ ತೊಂದರೆ, ಮೈಮೇಲೆ ದದ್ದು, ಹೆಚ್ಚುತ್ತಿರುವ ಹೊಟ್ಟೆನೋವು ಕಂಡುಬಂದರೆ ಬೆಳಗಾಗಲೆಂದು ಕಾಯದೆ, 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಬನ್ನಿರಿ. ಬರುವಾಗ ಬಿಡುಗಡೆಯ ಚೀಟಿ ಜೊತೆಯಲ್ಲಿರಲಿ. ಯಾವ ಮದ್ದನ್ನು ಎಷ್ಟು ಕೊಟ್ಟಿದ್ದರೆಂಬುದು ಅದರಲ್ಲಿ ಬರೆದಿರುತ್ತದೆ.