ಮಾತು ಮತ್ತು ಸಂದರ್ಭ

ನಮ್ಮ ಅಣ್ಣನವರಿಗೆ ಪಾರ್ಶ್ವವಾಯು ಬಡಿದು ಎಡಗೈ ಸೋತಿತು, ಮಾತು ಉಳಿಯಿತು. ಒಂದು ದಿನ ನಾನು, ‘ಈ ವರ್ಷ ಮಳೆ ಕೈ ಕೊಟ್ಟಿತು ಅಣ್ಣಯ್ಯ’ ಎಂದೆ. ‘ಮಳೆಗೆ ಕೈ ಎಲ್ಲಿದೆಯೋ?’ ಎಂದರು. ವಿನೋದವೆಂದು ಮನೆಮಂದಿಯೆಲ್ಲ ನಕ್ಕೆವು. ಅವರು ನಗಲಿಲ್ಲ.

ಬಿದ್ದವನಿಗೆ ಕೈ ಕೊಟ್ಟರೆ ಆಸರೆ. ಮಳೆ ಕೈ ಕೊಟ್ಟರೆ ಬರ. ಪದ ಒಂದೇ, ಅರ್ಥವನ್ನು ಗೊತ್ತುಮಾಡುವುದು ಸಂದರ್ಭ. ವಾಚ್ಯಾರ್ಥವು ಹೊಂದದಾಗ ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ಹಿಡಿಯುವ ಈ ವ್ಯಾಪಾರವನ್ನು ನಮ್ಮ ಆಲಂಕಾರಿಕರು ಲಕ್ಷಣಾ ಎಂದು ಕರೆದರು.

ಎಡಗೈ ಸೋತವರಲ್ಲಿ ಸಾಮಾನ್ಯವಾಗಿ ಪೆಟ್ಟು ಬಿದ್ದಿರುವುದು ಮಿದುಳಿನ ಬಲಭಾಗಕ್ಕೆ. 1977ರಲ್ಲಿ ಅಮೆರಿಕೆಯ ಎಲೆನ್ ವಿನ್ನರ್, ಹೊವರ್ಡ್ ಗಾರ್ಡ್ನರ್ ಎಂಬ ವಿದ್ವಾಂಸರು ಮಿದುಳಿಗೆ ಪೆಟ್ಟಾದವರಿಗೆ ‘ಭಾರವಾದ ಹೃದಯ’ ಎಂಬಂಥ ಮಾತುಗಳನ್ನು ಹೇಳಿ, ಒಪ್ಪುವ ಚಿತ್ರವನ್ನು ಆರಿಸಹೇಳಿದರು. ಬಲಭಾಗಕ್ಕೆ ಪೆಟ್ಟಾದವರು ಅನೇಕ ಸಲ ದುಃಖಿತನ ಚಿತ್ರವನ್ನು ಬಿಟ್ಟು, ದೊಡ್ಡದೊಂದು ಹೃದಯವನ್ನು ಹೊತ್ತು ಬಳಲುವವನ ಚಿತ್ರವನ್ನು ತೋರಿಸಿದರು. ಬಾಯಲ್ಲಿ ವಿವರಿಸುವಾಗ ಮಾತ್ರ ಅವರು ಅಷ್ಟು ತಪ್ಪಲಿಲ್ಲ. ಮಾತಿಗೆ ಎಡಭಾಗವೇ ಮುಖ್ಯವಾದರೂ, ಅದರ ಮರ್ಮವನ್ನು ಹಿಡಿಯಲು ಬಲಭಾಗದ ನೆರವೂ ಬೇಕೆಂಬ ವಿಚಾರಕ್ಕೆ ಇದರಿಂದ ಬಲ ಬಂದಿತು.

ಅಂಥವರ ಮುಂದೆ ನಗಬಾರದು, ಬಿಡಿಸಿ ಹೇಳಬೇಕು. ‘ಮಳೆ ಬರಲಿಲ್ಲ ಅಣ್ಣಯ್ಯ, ಪೈರು ಒಣಗಿತು’ ಎಂದು ಮರುದಿನ ಹೇಳಿದೆ. ‘ಅಯ್ಯೋ, ದನಕ್ಕೆ ಮೇವಿಗೇನು ಮಾಡಿದೆ?’ ಎಂದು ಕೇಳಿದರು.