ಸಮಾಜ ವಿಜ್ಞಾನದಿಂದ ನ್ಯಾಯಶಾಸ್ತ್ರದತ್ತ

(ಸಂಘದ ಸಂಸ್ಥಾಪನಾ ದಿನಾಚರಣೆಯ ಅಂಗವಾಗಿ ದೋಹಾದಲ್ಲಿ ಇಬ್ಬರು ವಿದ್ಯಾರ್ಥಿನಿಯರು ಮಾಡಿದ ಭಾಷಣ)



ಈ ಸಂಘದ ವೇದಿಕೆಯನ್ನು ನಾವಿಬ್ಬರೂ ಮೊದಲು ಹತ್ತಿದ್ದು ಕೋಲಾಟ ಆಡಲು. ಇಂದು ನಮ್ಮ ಓದಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರ ಅಪ್ಪಣೆಯಾಗಿದೆ. ಇಬ್ಬರ ಕಥೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಂದೇ ಭಾಷಣದಲ್ಲಿ ಮುಗಿಸುತ್ತೇವೆ. ಊಟಕ್ಕೆ ತಡ ಮಾಡುವುದಿಲ್ಲ.

ಹನ್ನೆರಡನೆಯ ತರಗತಿ ಮುಗಿದ ಮೇಲೆ ಎಂಜಿನಿಯರಿಂಗೂ ಬೇಡ, ವೈದ್ಯಕೀಯವೂ ಬೇಡ, ಸಮಾಜ ವಿಜ್ಞಾನ ಓದುತ್ತೇವೆ ಎಂದೆವು. ಎರಡೂ ಮನೆಗಳಲ್ಲಿ ಎರಡು ದಿನ ಮೌನ. "ಅದನ್ನು ಓದಿ ಮುಂದೇನು?" ಎಂದು ಇಲ್ಲಿ ಕುಳಿತಿರುವ ಹಲವು ಮಾವಂದಿರೂ ಕೇಳಿದ್ದುಂಟು. ಆಗ ನಮ್ಮಲ್ಲಿ ಉತ್ತರವಿರಲಿಲ್ಲ.

ಎಜುಕೇಷನ್ ಸಿಟಿಯಲ್ಲಿ 2005ರಿಂದ ನಡೆಯುತ್ತಿರುವ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಕಲಿತೆವು. ಉತ್ತರವನ್ನು ಬಾಯಿಪಾಠ ಮಾಡಿ ಬೆಳೆದ ನಮ್ಮನ್ನು ಅಧ್ಯಾಪಕರು "ನಿಮಗೇನನ್ನಿಸುತ್ತದೆ?" ಎಂದು ಕೇಳಿದಾಗ ಮೊದಲ ವರ್ಷವೆಲ್ಲ ನೆಲ ನೋಡಿದ್ದೇ ಬಂತು. ಧೈರ್ಯ ಕೊಟ್ಟದ್ದು ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರ ಪುಸ್ತಕ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಅವರು ಮಾಡಿದ ಅಧ್ಯಯನದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಸಿಕ್ಕವು. ಅವರು ನೆನಪಿನ ಬಲದಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಕಾಗದ ಸುಟ್ಟರೂ ನೆನಪು ಸಾಕು ಎಂದು ನಾವು ನಂಬಿದ್ದೆವು.

ಆ ನಂಬಿಕೆ ಮೂರನೆಯ ವರ್ಷ ಅಲುಗಾಡಿತು. ಉತ್ತರ ಕರ್ನಾಟಕದ ಒಬ್ಬ ಅಣ್ಣ ಕೆಲಸದ ಕರಾರುಪತ್ರ ಹಿಡಿದು ನಮ್ಮ ಮನೆಗೆ ಬಂದರು. ನಾವು ಇಂಗ್ಲಿಷ್ ಪುಟ ಓದಿ "ಎಲ್ಲ ಸರಿಯಿದೆ" ಎಂದೆವು. ಅವರು ಸಹಿ ಹಾಕಿದರು. ತಿಂಗಳುಗಳ ಮೇಲೆ ಸುಡಾನಿನ ಸಹಪಾಠಿಯೊಬ್ಬಳು ಅರಬ್ಬಿ ಪುಟ ಓದಿದಾಗ ತಿಳಿಯಿತು, ಊಟದ ಭತ್ಯೆಯ ಸಾಲು ಅದರಲ್ಲಿ ಇರಲೇ ಇಲ್ಲ. 2004ರ ಕಾರ್ಮಿಕ ಕಾನೂನಿನಂತೆ ಎರಡು ಪಠ್ಯಗಳಲ್ಲಿ ಭೇದ ಬಂದರೆ ಅರಬ್ಬಿಯದೇ ಊರ್ಜಿತ. ಆದರೆ 2021ರ ಮಾರ್ಚಿನಿಂದ ಕನಿಷ್ಠ ವೇತನ 1000 ರಿಯಾಲ್ ಅಲ್ಲದೆ, ಮಾಲೀಕರು ಊಟ ಒದಗಿಸದಿದ್ದರೆ 300, ವಸತಿ ಒದಗಿಸದಿದ್ದರೆ 500 ರಿಯಾಲ್ ಕೊಡಬೇಕೆಂದೂ ಕಾನೂನಿದೆ. ಅಂದರೆ ಕಾನೂನು ಅವರ ಕಡೆಗೇ ಇತ್ತು. ಅದನ್ನು ಅವರ ಭಾಷೆಯಲ್ಲಿ ಹೊತ್ತಿಗೆ ಸರಿಯಾಗಿ ಹೇಳುವವರು ಇರಲಿಲ್ಲ. ದೂರು ಕೊಡಲು ಹೆದರಿ ಅವರು ಊರಿಗೆ ಮರಳಿದರು. "ಸರಿಯಿದೆ" ಎಂದ ಮಾತು ನಮ್ಮದು; ಅದನ್ನು ಇಂದಿಗೂ ಮರೆತಿಲ್ಲ.

ಆದ್ದರಿಂದ ಇಬ್ಬರೂ ಕಾನೂನು ಓದಲು ನಿಶ್ಚಯಿಸಿದ್ದೇವೆ. ದಾರಿ ಮಾತ್ರ ಬೇರೆ ಬೇರೆ. ನಮ್ಮಲ್ಲೊಬ್ಬಳು ಇಲ್ಲಿಯೇ ಹಮದ್ ಬಿನ್ ಖಲೀಫಾ ವಿಶ್ವವಿದ್ಯಾಲಯದ ಮೂರು ವರ್ಷದ ಪದವಿಗೆ ಅರ್ಜಿ ಹಾಕುತ್ತಾಳೆ. ಜೊತೆಗೆ ಅರಬ್ಬಿಯನ್ನು ಅಕ್ಷರಾಭ್ಯಾಸದಿಂದ ಕಲಿಯುತ್ತಿದ್ದಾಳೆ. ಇಲ್ಲಿನ ಪದವಿಯಿಂದ ಭಾರತದಲ್ಲಿ ವಕೀಲಿ ನಡೆಸಬೇಕಾದರೆ ವಕೀಲರ ಪರಿಷತ್ತಿನ ಮಾನ್ಯತೆ, ಪರೀಕ್ಷೆ ಎಂಬ ತೊಡಕುಗಳಿವೆ ಎಂಬುದನ್ನು ಅರಿತೇ ಈ ಹೆಜ್ಜೆ. ಇನ್ನೊಬ್ಬಳ ತಂದೆಯವರ ನಿವೃತ್ತಿ ಹತ್ತಿರ ಬಂದಿದೆ. ಅವರ ಕೆಲಸದೊಡನೆ ಮನೆಯವರ ವಾಸದ ಪರವಾನಗಿಯೂ ಮುಗಿಯುತ್ತದೆ. ಅವಳು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪ್ರವೇಶ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. 1988ರಲ್ಲಿ ಐದು ವರ್ಷದ ಕೋರ್ಸಿನಿಂದ ಪಾಠ ಆರಂಭಿಸಿದ ಆ ಶಾಲೆ, ಪದವೀಧರರಿಗಾಗಿ ಮೂರು ವರ್ಷದ ಎಲ್‌ಎಲ್‌ಬಿಯನ್ನು 2022ರಲ್ಲಿ ತೆರೆಯಿತು. ಊರಿನ ಕೋರ್ಟಿನಲ್ಲಿ ಕನ್ನಡ ನಡೆಯುತ್ತದೆ, ನಿಜ. ಆದರೆ ವಾದಿ, ಪ್ರತಿವಾದಿ, ಪಹಣಿ, ಪಂಚನಾಮೆ ಎಂಬ ಕನ್ನಡ ನಮ್ಮ ಕೋಲಾಟದ ಕನ್ನಡವಲ್ಲ! ಅದನ್ನೂ ಕಲಿಯಬೇಕು.

ಮಾವಂದಿರೇ, ನಿಮ್ಮ ಪ್ರಶ್ನೆಗೆ ಇಂದು ನಮ್ಮ ಉತ್ತರವಿದು: ಸಮಾಜ ವಿಜ್ಞಾನ ನಮಗೆ ಮನುಷ್ಯರ ನೆನಪನ್ನು ಗೌರವಿಸಲು ಕಲಿಸಿತು, ಆ ನೆನಪು ಕಾಗದದ ಮೇಲೂ ನಿಲ್ಲುವಂತೆ ಮಾಡುವುದನ್ನು ಕಾನೂನಿನಿಂದ ಕಲಿಯಬೇಕಾಗಿದೆ. ಅಲ್ಲಿಯವರೆಗೆ ಸಂಘಕ್ಕೆ ನಮ್ಮದೊಂದು ವಿನಂತಿ. ತಿಂಗಳಿಗೊಂದು ಶುಕ್ರವಾರ, ಅರಬ್ಬಿ ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು, ನಮ್ಮವರ ಕರಾರುಪತ್ರಗಳನ್ನು ಸಹಿಗೆ ಮುಂಚೆ ಓದಿ ಹೇಳುವ ಏರ್ಪಾಡಾಗಲಿ. ಚಾಪೆ ಹಾಸುವ ಕೆಲಸ ನಮ್ಮಿಬ್ಬರದು.

ಸಿರಿಗನ್ನಡಂ ಗೆಲ್ಗೆ.